ಓಪನ್ ಬೋಲ್ಟ್ ಅಂದರೆ ತೆರೆದಿಟ್ಟ ಬೋಲ್ಟ್ ಅಲ್ಲ

ದಸರಾ ಬಂತೆಂದರೆ ಮೈಸೂರಿನ ಆಯುಧ ಪ್ರದರ್ಶನಗಳ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತವೆ. ಈ ಸಲ ಹಳೆಯ 9 ಎಂಎಂ ಕಾರ್ಬೈನ್ ಎಂಬ ಗಿಡ್ಡ ಕೋವಿಯದೊಂದು ಬಂತು. ಕೆಳಗೆ ಬರೆದಿತ್ತು: ‘ಇದು ಓಪನ್ ಬೋಲ್ಟ್ ಗನ್, ಆದ್ದರಿಂದ ಸೇಫ್.’ ಇದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳಿ ಸಾಕಾಗಿದೆ. ನಿಜ ಸಂಗತಿ ಬಹುಮಟ್ಟಿಗೆ ಇದರ ತಲೆಕೆಳಗು.

ತಪ್ಪು ಎಲ್ಲಿಂದ ಹುಟ್ಟಿತೆಂದು ಊಹಿಸಬಹುದು. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರೆಲ್ಲ .22 ರೈಫಲ್ ಹಿಡಿದವರೇ. ಫೈರಿಂಗ್ ಮುಗಿದ ಮೇಲೆ ಬೋಲ್ಟ್, ಅಂದರೆ ತೋಟಾದ ಬೆನ್ನಿಗೆ ನಿಲ್ಲುವ ಲೋಹದ ತುಂಡನ್ನು, ಹಿಂದಕ್ಕೆಳೆದು ಹಿಡಿಯಬೇಕು, ಕಲಿಸುವ ಉಸ್ತಾದ್ ಬಗ್ಗಿ ತೋಟಾ ಕೂರುವ ಗೂಡಾದ ಚೇಂಬರ್ ಖಾಲಿ ಇದೆಯೇ ಎಂದು ನೋಡಬೇಕು. ಅಲ್ಲಿ ‘ಬೋಲ್ಟ್ ಓಪನ್’ ಎಂದರೆ ಕೋವಿ ಆ ಗಳಿಗೆಯಲ್ಲಿ ಯಾವ ಸ್ಥಿತಿಯಲ್ಲಿದೆ ಎಂಬ ವರದಿ, ಅಷ್ಟೇ. ‘ಓಪನ್ ಬೋಲ್ಟ್’ ಎಂಬುದು ಸ್ಥಿತಿಯಲ್ಲ, ಜಾತಿ. ಕಾರ್ಬೈನನ್ನು ಗೋಡೆಗೆ ನೇತುಹಾಕಿದರೂ ಅದು ಓಪನ್ ಬೋಲ್ಟೇ, ಬೋಲ್ಟ್ ಮುಂದಕ್ಕೆ ಹೋಗಿ ಕೂತಿದ್ದರೂ ಓಪನ್ ಬೋಲ್ಟೇ.

ಮೊದಲು ಬೋಲ್ಟ್. ನಟ್ಟು-ಬೋಲ್ಟಿನ ಬೋಲ್ಟನ್ನು ಮರೆತುಬಿಡಿ. ಇಂಗ್ಲಿಷಿನಲ್ಲಿ ಆ ಪದಕ್ಕೆ ಮೂಲದಲ್ಲಿದ್ದ ಅರ್ಥ ಮೊಂಡು ತಲೆಯ ಗಿಡ್ಡ ಬಾಣ. ಆಮೇಲೆ ಬಾಗಿಲ ಚಿಲಕಕ್ಕೂ ಅದೇ ಹೆಸರಾಯಿತು, ಬಂದೂಕಿಗೆ ಬಂದದ್ದು ಚಿಲಕದಿಂದ. ಮುಂದಕ್ಕೆ ತಳ್ಳಿ ಹಿಡಿಯನ್ನು ಕೆಳಕ್ಕೆ ತಿರುಗಿಸಿದರೆ ಚಿಲಕ ಬಿದ್ದ ಹಾಗೆಯೇ ಬೋಲ್ಟಿನ ಕಿವಿಗಳು ಕಚ್ಚುಗಳಲ್ಲಿ ಕೂತು ತೋಟಾದ ಹಿಂಬದಿ ಭದ್ರವಾಗುತ್ತದೆ. ಪ್ರಷ್ಯದ ಸೇನೆ 1841ರಲ್ಲಿ ಒಪ್ಪಿಕೊಂಡ ಡ್ರೈಸ್ ಸೂಜಿ ಬಂದೂಕಿನಿಂದ ಈ ಏರ್ಪಾಡು ಬಳಕೆಗೆ ಬಂತು. ಹಾಗಾಗಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬಂದೂಕಿನ ‘ಬೋಲ್ಟ್’ ತೋರಿಸುವ ಗೈಡುಗಳು ದಯವಿಟ್ಟು ಬೇರೆ ಏನನ್ನಾದರೂ ತೋರಿಸಲಿ. 1799ರಲ್ಲಿ ಮಡಿದವನ ಕೈಯಲ್ಲಿದ್ದದ್ದು ನಳಿಗೆಯ ಬಾಯಿಂದ ಮದ್ದು ತುಂಬುವ ಚಕಮಕಿ ಕೋವಿ.

ಈಗ ಜಾತಿಯ ಮಾತು. ಕ್ಲೋಸ್ಡ್ ಬೋಲ್ಟ್ ಬಂದೂಕು ಸಿದ್ಧವಿದ್ದಾಗ ತೋಟಾ ಚೇಂಬರಿನಲ್ಲಿ, ಬೋಲ್ಟ್ ಅದರ ಬೆನ್ನಿಗೆ. ಟ್ರಿಗರ್ ಒತ್ತಿದರೆ ಕದಲುವುದು ತೋಟಾ ಸಿಡಿಸುವ ಪಿನ್ನೋ ಹ್ಯಾಮರೋ ಮಾತ್ರ. ಓಪನ್ ಬೋಲ್ಟ್‌ನಲ್ಲಿ ಸಿದ್ಧ ಸ್ಥಿತಿಯೆಂದರೆ ಚೇಂಬರ್ ಖಾಲಿ, ಬೋಲ್ಟ್ ಸ್ಪ್ರಿಂಗನ್ನು ಒತ್ತಿಕೊಂಡು ಹಿಂದೆ ತಡೆದು ನಿಂತಿದೆ. ಟ್ರಿಗರ್ ಒತ್ತಿದೊಡನೆ ಇಡೀ ಬೋಲ್ಟ್ ಮುನ್ನುಗ್ಗಿ, ತೋಟಾ ತುಂಬಿಡುವ ಡಬ್ಬಿಯಾದ ಮ್ಯಾಗಜೀನಿನಿಂದ ಒಂದು ತೋಟಾ ಕಿತ್ತು, ಚೇಂಬರಿಗೆ ನೂಕಿ, ಅದೇ ಓಟದಲ್ಲಿ ಈಡು ಹಾರಿಸುತ್ತದೆ. ಬ್ರಿಟಿಷರ ಸ್ಟೆನ್, ಸ್ಟರ್ಲಿಂಗ್ ಗನ್ನುಗಳು, ಸ್ಟರ್ಲಿಂಗ್ ಮಾದರಿಯ ನಮ್ಮ ದೇಶದ ಕಾರ್ಬೈನ್ ಎಲ್ಲ ಹೀಗೆ. ಬಿಡಿಭಾಗ ಕಡಿಮೆ, ಚೇಂಬರಿಗೆ ಗಾಳಿಯಾಡುವುದರಿಂದ ಕಾದ ಲೋಹಕ್ಕೆ ತೋಟಾ ತಾನಾಗಿ ಸಿಡಿಯುವ ಭಯವೂ ಕಡಿಮೆ. ಆದರೆ ಅಷ್ಟು ಭಾರ ಮುಂದಕ್ಕೆ ಧುಮುಕುವುದರಿಂದ ಗುರಿ ಅಲುಗುತ್ತದೆ.

ಅಂದರೆ ಬೋಲ್ಟ್ ಹಿಂದಿದ್ದರೆ ಅದು ಹೊಡೆಯಲು ಸಿದ್ಧ. ಹಾಗಾದರೆ ಮುಂದಿದ್ದರೆ ಸೇಫೇ? ಅದೂ ಅಲ್ಲ. ತುಂಬಿದ ಮ್ಯಾಗಜೀನ್ ಇರುವ ಸ್ಟೆನ್ ಗನ್ ಹಿಂಬದಿ ಊರಿ ನೆಲಕ್ಕೆ ಬಿದ್ದರೆ, ಆ ಏಟಿಗೆ ಬೋಲ್ಟ್ ಅರ್ಧ ಹಿಂದೆ ಸರಿದು, ತಡೆಗೆ ಸಿಗದೆ ವಾಪಸು ಬಂದು ಗುಂಡು ಹಾರಿಸಿಬಿಡುತ್ತಿತ್ತು. ಅದಕ್ಕೇ ಇಂಥ ಕೋವಿಯಲ್ಲಿ ಮೊದಲು ಮ್ಯಾಗಜೀನ್ ಬಿಚ್ಚಬೇಕು, ಬೋಲ್ಟಿನ ಪಂಚಾಯಿತಿ ಆಮೇಲೆ.

ಕಾನೂನು ನೋಡುವುದೂ ಜಾತಿಯನ್ನೇ. ಬಂದೂಕುಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಟಿಎಫ್ 1982ರಲ್ಲಿ ಕೆಲವು ಓಪನ್ ಬೋಲ್ಟ್ ಅರೆ-ಸ್ವಯಂಚಾಲಿತ ಪಿಸ್ತೂಲುಗಳನ್ನು ಮಷಿನ್ ಗನ್ ಎಂದೇ ಪರಿಗಣಿಸಿತು. ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರಿದರೂ ಅವುಗಳ ರಚನೆಯನ್ನು ಸುಲಭವಾಗಿ ಬದಲಿಸಬಹುದು ಎಂಬುದು ಕಾರಣ. ಆ ಮೊದಲೇ ತಯಾರಾದವಕ್ಕೆ ವಿನಾಯಿತಿ ಸಿಕ್ಕಿತು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಬೇರೆ ದಾರಿ ಹಿಡಿಯುತ್ತದೆ: ಟ್ರಿಗರ್ ಬಿಡುವವರೆಗೆ ಅಥವಾ ಮ್ಯಾಗಜೀನ್ ಬರಿದಾಗುವವರೆಗೆ ಗುಂಡು ಹಾರುತ್ತಲೇ ಇರುವಂತೆ ರಚಿಸಿದ್ದೋ ಮಾರ್ಪಡಿಸಿದ್ದೋ ಆಗಿದ್ದರೆ ಅದು ನಿಷೇಧಿತ ಆಯುಧ. ಬೋಲ್ಟ್ ಎಲ್ಲಿ ನಿಂತಿದೆ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಒಂದು ವರ್ಗದ ಬಂದೂಕನ್ನು ಲೈಸೆನ್ಸಿಲ್ಲದೆ ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದನ್ನೂ 2019ರ ತಿದ್ದುಪಡಿ ತಡೆದಿದೆ.

ಹಾಗೆಂದು ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ‘ಬೋಲ್ಟ್ ಆಕ್ಷನ್’ ಬಂದೂಕುಗಳೆಲ್ಲಕ್ಕೂ ಸರ್ಕಾರ ಕಣ್ಣುಮುಚ್ಚಿ ಲೈಸೆನ್ಸ್ ಕೊಡುವುದಿಲ್ಲ. ಪೊಲೀಸರ ಕೈಯಲ್ಲಿ ನಾವು ನೋಡುತ್ತಿದ್ದ .303 ರೈಫಲ್, ಖಾಸಗಿಯವರು ಇಟ್ಟುಕೊಳ್ಳಬಹುದಾದ ಇಶಾಪುರ ಕಾರ್ಖಾನೆಯ .315 ರೈಫಲ್, ಎರಡರ ಬೋಲ್ಟೂ ಹೆಚ್ಚುಕಡಿಮೆ ಅಣ್ಣತಮ್ಮಂದಿರು. ವ್ಯತ್ಯಾಸ ತೋಟಾದ್ದು. .303 ಸೇನೆಯ ತೋಟಾ, ಆದ್ದರಿಂದ ಸಾಮಾನ್ಯ ಲೈಸೆನ್ಸಿನ ಆಚೆ.

‘ಬೋಲ್ಟ್ ತೆಗೆದಿಟ್ಟಿದ್ದೇನೆ, ಈಗದು ಬರೀ ಕಬ್ಬಿಣದ ಕೊಳವೆ’ ಎನ್ನುವವರಿಗೆ ಒಂದು ಮಾತು: ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗವೂ ಬಂದೂಕೇ. ಹಾಗೆ ನೋಡಿದರೆ ಕೊಳವೆಗೂ ಬೋಲ್ಟಿಗೂ ಎರಡಕ್ಕೂ ಲೆಕ್ಕ ಕೊಡಬೇಕು. ಎಣ್ಣೆ ಹಾಕಿ ಒರೆಸುವಾಗ ಒಂದರ ಬೋಲ್ಟ್ ಇನ್ನೊಂದಕ್ಕೆ ಸಿಕ್ಕಿಸುವುದಂತೂ ಬೇಡವೇ ಬೇಡ. ಬೋಲ್ಟಿನ ಮೇಲೆ ನಂಬರ್ ಕೊರೆದಿರುವುದು ಅಂದಕ್ಕಲ್ಲ. ತೋಟಾದ ಹಿಂದಿನ ಸಂದು ಕೂದಲಷ್ಟು ಹೆಚ್ಚಾದರೂ ತೋಟಾ ಸೀಳಿ ಬಿಸಿ ಅನಿಲ ಮುಖಕ್ಕೆ ಬರಬಹುದು.

ಮಳವಳ್ಳಿ, ಎಚ್.ಡಿ. ಕೋಟೆ ಕಡೆ ಹಂದಿ ಕಾಯಲು ಇಟ್ಟುಕೊಂಡಿರುವ ಬೆಳೆ ರಕ್ಷಣೆ ಕೋವಿಗಳಲ್ಲಿ ಹೆಚ್ಚಿನವಕ್ಕೆ ಬೋಲ್ಟೇ ಇರುವುದಿಲ್ಲ. ಒಂದೋ ನಳಿಗೆಯ ಬಾಯಿಂದ ಮದ್ದು ತುಂಬುವವು, ಇಲ್ಲವೇ ನಡುವೆ ಮಡಚುವವು. ಆದರೂ ಚುನಾವಣೆ ಹೊತ್ತಿಗೆ ಕೋವಿಯನ್ನು ಒಪ್ಪಿಸಿ ಪಡೆದ ರಸೀದಿಯಲ್ಲಿ ‘ಡಿಬಿಬಿಎಲ್’ ನೋಡಿ ‘ಡಬಲ್ ಬೋಲ್ಟ್’ ಎಂದು ಓದುವವರಿದ್ದಾರೆ. ಅದು ಡಬಲ್ ಬ್ಯಾರೆಲ್ ಬ್ರೀಚ್ ಲೋಡಿಂಗ್, ಅಂದರೆ ಹಿಂದಿನಿಂದ ತೋಟಾ ತುಂಬುವ ಜೋಡಿ ನಳಿಗೆಯ ಕೋವಿ ಸ್ವಾಮಿ.