ಹೊಳೆ ಬಿಟ್ಟುಕೊಟ್ಟ ಜಾಗ ಯಾರದು?

ಪ್ರಶ್ನೆ: ನಮ್ಮ ಗದ್ದೆ ಕೊಡಗಿನಲ್ಲಿ, ಕಾವೇರಿ ಹೊಳೆಕರೆಯಲ್ಲಿದೆ. 2018 ಮತ್ತು 2019ರ ಪ್ರವಾಹದ ನಂತರ ಗದ್ದೆಯ ಕೆಳಗಿನ ಅಂಚಿಗೆ ಮರಳು, ಮೆಕ್ಕಲು ಸೇರಿ ಜಾಗ ಅಗಲವಾಗಿದೆ. ಮೇಲಿನ ತಿರುವಿನಲ್ಲಿ ನಮ್ಮದೇ ಬರೆ (ಕಡಿದಾದ ದಂಡೆ) ಕುಸಿದು ಹೊಳೆ ಪಾಲಾಗಿದೆ. ಹೊಸ ಜಾಗಕ್ಕೆ ಮಣ್ಣು ತುಂಬಿ, ಕಲ್ಲು ಕಟ್ಟಿಸಿದರೆ ಅದು ನಮ್ಮದಾಗುತ್ತದೆಯೇ? ಹೋದ ಜಾಗದ ಗತಿ ಏನು?

ಉತ್ತರ: ಮಣ್ಣು ತುಂಬಿ ಎತ್ತರಿಸಿದ ಜಾಗ ನಿಮ್ಮದಾಗುವುದಿಲ್ಲ, ಎಷ್ಟು ಖರ್ಚು ಮಾಡಿದರೂ ಆಗುವುದಿಲ್ಲ. ಮೆಕ್ಕಲಿನ ವಿಷಯ ಬೇರೆ. ಹೋದ ಜಾಗದ ಮೇಲೆ ನಿಮಗೆ ಇನ್ನೂ ಹಕ್ಕು ಉಳಿದಿರಬಹುದು, ಆದರೆ ಬಹಳ ಜನ ಅದನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 67ರ ಪ್ರಕಾರ ಹೊಳೆ, ಹಳ್ಳ, ಕೆರೆಗಳ ಪಾತ್ರ ಸರ್ಕಾರದ್ದು. ಪಕ್ಕದ ಜಮೀನು ಜಮ್ಮವೋ (ಕಡಿಮೆ ಕಂದಾಯದ, ಮನೆತನದ ವಂಶಪಾರಂಪರ್ಯ ಹಿಡುವಳಿ) ಸಾಗುವೋ (ಪೂರ್ಣ ಕಂದಾಯದ ಸಾಮಾನ್ಯ ಹಿಡುವಳಿ) ಎಂಬುದರಿಂದ ಇದು ಬದಲಾಗುವುದಿಲ್ಲ. ಹಿಂದೆ ಗಡಿ ಇಷ್ಟು ಬಿಗಿಯಾಗಿರಲಿಲ್ಲ. ಕೊಡಗಿನ ರಾಜ ಲಿಂಗರಾಜೇಂದ್ರನ ಕಾಲದ ಶಿಸ್ತಿನಲ್ಲಿ (ಕಂದಾಯ ನಿಗದಿಯಲ್ಲಿ) ಗದ್ದೆಯ ಲೆಕ್ಕ ಬಟ್ಟಿಯಲ್ಲಿ ನಡೆಯುತ್ತಿತ್ತು, ನೂರು ಬಟ್ಟಿಗೆ ಜಮ್ಮಕ್ಕೆ 5 ರೂಪಾಯಿ, ಸಾಗುವಿಗೆ 10 ರೂಪಾಯಿ ಕಂದಾಯ. ಬಟ್ಟಿ ಬೆಳೆಯನ್ನು ನೋಡಿ ಹಾಕುವ ಲೆಕ್ಕ. ಹೊಳೆ ಎರಡು ಮಾರು ಆಚೀಚೆ ಸರಿದರೂ ಕಾಗದದಲ್ಲಿ ಕಾಣುತ್ತಿರಲಿಲ್ಲ. ಸರ್ವೆ ಕಲ್ಲು ನೆಟ್ಟು ಎಕರೆ, ಗುಂಟೆಯಲ್ಲಿ ಬರೆದ ಮೇಲೆ ಗಡಿ ನಕ್ಷೆಯಲ್ಲಿ ನಿಂತುಬಿಟ್ಟಿತು. ಹೊಳೆ ಮಾತ್ರ ನಿಲ್ಲಲಿಲ್ಲ. ಇವತ್ತಿನ ಹೊಳೆಕರೆ ತಕರಾರುಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ.

ಆದ್ದರಿಂದ ಮೊದಲು ನಿಮ್ಮ ಗಡಿ ಎಲ್ಲಿದೆ ಎಂದು ತಿಳಿಯಬೇಕು. ಪಹಣಿ, ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ), ಟಿಪ್ಪಣಿ (ಸರ್ವೆ ಅಳತೆಯ ಮೂಲ ಚಿತ್ರ), ಗ್ರಾಮ ನಕ್ಷೆ ಈ ನಾಲ್ಕನ್ನೂ ತೆಗೆಸಿ. ಪಹಣಿಯಲ್ಲಿ ಖರಾಬು (ಕಂದಾಯ ಹಾಕದ ಜಾಗ) ಎಷ್ಟಿದೆ, ಅದು ‘ಎ’ಯೋ ‘ಬಿ’ಯೋ ನೋಡಿ. ‘ಎ’ ಖರಾಬು ಬೇಸಾಯಕ್ಕೆ ಬಾರದ ಜಾಗ. ‘ಬಿ’ ಖರಾಬು ಹಳ್ಳ, ದಾರಿಯಂತಹ ಸಾರ್ವಜನಿಕ ಜಾಗ, ಅದು ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ ನಿಮ್ಮದಲ್ಲ. ಆಮೇಲೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸುವುದಕ್ಕೆ) ಅರ್ಜಿ ಕೊಡಿ. ನೀರು ಇಳಿದಿರುವ ಜನವರಿಯಿಂದ ಏಪ್ರಿಲ್ ಒಳಗೆ ಅಳತೆ ಆಗುವಂತೆ ನೋಡಿಕೊಳ್ಳಿ. ಜಮ್ಮ ಜಮೀನಾದರೆ ಪಟ್ಟೆದಾರರಿಗೂ (ಪಟ್ಟೆ ಯಾರ ಹೆಸರಿನಲ್ಲಿದೆಯೋ ಅವರಿಗೂ) ಪಹಣಿಯಲ್ಲಿ ಹೆಸರಿರುವ ಮನೆತನದ ಉಳಿದವರಿಗೂ ವಿಷಯ ಮೊದಲೇ ತಿಳಿಸಿ. ಇಲ್ಲವಾದರೆ ಅಳತೆಯ ದಿನವೇ ಯಾರಾದರೂ ಆಕ್ಷೇಪ ಎತ್ತುತ್ತಾರೆ.

ಅಳತೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ: ಈಗಿನ ನೀರಿನಂಚನ್ನೇ ಗಡಿ ಎಂದು ಹಿಡಿದು ಅಲ್ಲಿಂದ ಒಳಕ್ಕೆ ಅಳೆಯುವುದು. ಹಾಗೆ ಮಾಡಿದರೆ ತಪ್ಪು ಪಕ್ಕದವರ ಗದ್ದೆಯವರೆಗೂ ಹರಿಯುತ್ತದೆ. ಹೊಳೆಯಿಂದ ದೂರದ, ಅಲುಗಾಡದ ಎರಡು ಮೂರು ಕಲ್ಲುಗಳನ್ನು ಟಿಪ್ಪಣಿಗೆ ತಾಳೆ ನೋಡಿ, ಅಲ್ಲಿಂದ ಹೊಳೆಯ ಕಡೆಗೆ ಅಳೆಯಿರಿ ಎಂದು ಕೇಳಿ. ಒಂದು ಸರಪಳಿ 33 ಅಡಿ. 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ, ಒಂದು ಗುಂಟೆ. ದಂಡೆಯುದ್ದ 198 ಅಡಿ ಇದ್ದು ಮೆಕ್ಕಲು 33 ಅಡಿ ಅಗಲವಾಗಿದ್ದರೆ ಸೇರಿದ್ದು 6 ಗುಂಟೆ. ಇಷ್ಟಕ್ಕೆ ಅಣ್ಣತಮ್ಮಂದಿರು ಮಾತು ಬಿಡುವುದನ್ನು ಕೊಡಗಿನಲ್ಲಿ ಯಾರೂ ಕಾಣದೆ ಇಲ್ಲ.

ಮೆಕ್ಕಲು ಜಾಗಕ್ಕೆ ಭೂಕಂದಾಯ ಕಾಯ್ದೆಯಲ್ಲೇ ಪ್ರತ್ಯೇಕ ನಿಯಮಗಳಿವೆ. ಸರ್ಕಾರಕ್ಕೆ ಸೇರಿದ ಮೆಕ್ಕಲು ಭೂಮಿಯನ್ನು ಜಿಲ್ಲಾಧಿಕಾರಿ ವಿಲೇವಾರಿ ಮಾಡುವಾಗ ಮೊದಲು ದಂಡೆಯ ಹಿಡುವಳಿದಾರನಿಗೇ ಕೇಳಬೇಕು. ಹಾಗೆ ಮಂಜೂರಾಗುವವರೆಗೆ ಅದನ್ನು ನಿಮ್ಮದೆಂದು ಮಾರುವುದಾಗಲಿ, ಅಡವಿಡುವುದಾಗಲಿ ಆಗದು. ಬೇಸಿಗೆಯಲ್ಲಿ ತರಕಾರಿ ಬೆಳೆದುಕೊಳ್ಳುವುದಕ್ಕೂ ಅಲ್ಲಿ ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ) ಕಟ್ಟುವುದಕ್ಕೂ ಬಹಳ ಅಂತರವಿದೆ. ಮರಳು ನಿಮ್ಮ ಅಂಚಿನಲ್ಲೇ ಬಿದ್ದಿದ್ದರೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿಯಿಲ್ಲದೆ ಸಾಗಿಸಬೇಡಿ. ಒತ್ತುವರಿಗೆ ದಂಡ ಕಟ್ಟಿದ ರಶೀದಿ ಇದೆ ಎಂದ ಮಾತ್ರಕ್ಕೆ ಪೈಸಾರಿ (ಸರ್ಕಾರಿ) ಜಾಗ ಪಟ್ಟಾ ಆಗುವುದಿಲ್ಲ. ಹನ್ನೆರಡು ವರ್ಷ ಅನುಭವಿಸಿದರೆ ಸಾಕು ಎನ್ನುವ ಮಾತೂ ಸರ್ಕಾರದ ವಿರುದ್ಧ ನಡೆಯದು. ಕಾಲಮಿತಿ ಕಾಯ್ದೆ, 1963ರಲ್ಲಿ ದಾವೆ ಹೂಡಲು ಸರ್ಕಾರಕ್ಕಿರುವ ಅವಧಿ 30 ವರ್ಷ.

ಇನ್ನು ಹೋದ ಜಾಗ. ಹೊಳೆ ಕೊಚ್ಚಿಕೊಂಡು ಹೋದಷ್ಟಕ್ಕೆ ಕಂದಾಯ ಇಳಿಸಿಕೊಳ್ಳಲು ಅವಕಾಶವಿದೆ. ಆದರೆ ಅವಸರ ಮಾಡಬೇಡಿ. ಮುಳುಗಿದ ಭೂಮಿ ಅದೇ ಸ್ಥಳದಲ್ಲಿ ಮತ್ತೆ ಎದ್ದು ಬಂದು, ಅದೇ ಭೂಮಿ ಎಂದು ಗುರುತಿಸಲು ಆದರೆ, ಅದು ಹಳೆಯ ಮಾಲೀಕನದೇ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1870ರಲ್ಲಿ, ಗಂಗೆಯ ದಂಡೆಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಕಂದಾಯ ಕಡಿಮೆ ಮಾಡಿಸಿಕೊಂಡರೆ ಜಾಗವನ್ನೇ ಬಿಟ್ಟುಕೊಟ್ಟಿರಿ ಎಂಬ ವಾದಕ್ಕೆ ದಾರಿಯಾಗುತ್ತದೆ. ಕೊಡಗಿನ ಗದ್ದೆಯ ಕಂದಾಯ ಎಷ್ಟೆಂದು ನಿಮಗೇ ಗೊತ್ತು. ಆ ಚಿಲ್ಲರೆ ಉಳಿತಾಯಕ್ಕಾಗಿ ಹಕ್ಕನ್ನು ಸಡಿಲ ಮಾಡಿಕೊಳ್ಳುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮಣ್ಣು ತುಂಬುವುದು ಕಾನೂನಿಗಿಂತ ಮೊದಲು ಹೊಳೆಯ ಎದುರಿಗೇ ಸೋಲುತ್ತದೆ. ಮನೆಗೆ ಸೈಟ್ ಸಮತಟ್ಟು ಮಾಡುವಾಗ ಕಡಿದ ಕೆಂಪು ಮಣ್ಣನ್ನೇ ಸಾಮಾನ್ಯವಾಗಿ ತಂದು ಸುರಿಯುತ್ತಾರೆ. ನೆರೆ ಏರಿದಾಗ ಆ ಮಣ್ಣು ನೀರು ಕುಡಿಯುತ್ತದೆ. ಹೊಳೆ ಬೇಗ ಇಳಿದಾಗ ಒಳಗಿನ ನೀರು ಅಷ್ಟೇ ಬೇಗ ಹೊರಬರಲಾರದೆ ಗೋಡೆಯನ್ನು ಹೊಳೆಯತ್ತ ನೂಕುತ್ತದೆ. ಅದಕ್ಕೇ ತಡೆಗೋಡೆಗಳು ನೆರೆಯ ಮರುದಿನ ಬೀಳುವುದು. ಅಡಿಪಾಯವನ್ನು ನೀರು ಕೆಳಗಿನಿಂದ ಕೊರೆದರಂತೂ ಗೋಡೆ ಇಡಿಯಾಗಿ ಮಗುಚುತ್ತದೆ. ಗೋಡೆ ನಿಂತಿತೆಂದರೆ ಹೊಳೆ ಎದುರು ದಡವನ್ನು ತಿನ್ನುತ್ತದೆ. ಕರಡಿಗೋಡು, ಗುಹ್ಯ, ನೆಲ್ಲಿಹುದಿಕೇರಿಯ ಹೊಳೆಕರೆಯಲ್ಲಿ 2019ರಲ್ಲಿ ಮನೆ ಕಳೆದುಕೊಂಡವರನ್ನು ನೆನೆದರೆ, ಹೊಳೆಯನ್ನು ಇನ್ನಷ್ಟು ಇಕ್ಕಟ್ಟು ಮಾಡುವ ಯಾವ ಕೆಲಸವನ್ನೂ ಒಪ್ಪಲಾಗದು.

ಹಿಮಾಚಲದ ಬಿಯಾಸ್ ನದಿಯಲ್ಲಿ ಒಂದು ಹೋಟೆಲ್‌ನವರು ದಂಡೆ ಒತ್ತುವರಿ ಮಾಡಿ, ಅದಕ್ಕೆ ಸರ್ಕಾರದ ಗುತ್ತಿಗೆಯನ್ನೂ ಪಡೆದು, ನದಿ ತಿರುಗಿ ಬಂದಾಗ ಯಂತ್ರ ಇಳಿಸಿ ಅದರ ದಾರಿಯನ್ನೇ ಬದಲಿಸಿದ್ದರು. ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಆ ಗುತ್ತಿಗೆಯನ್ನು ರದ್ದು ಮಾಡಿತು. ನದಿ ಮತ್ತು ಅದರ ದಂಡೆಯನ್ನು ಸರ್ಕಾರ ಜನರ ಪರವಾಗಿ ಕಾಯಬೇಕೇ ಹೊರತು ಖಾಸಗಿಯವರಿಗೆ ಹಂಚಬಾರದು ಎಂಬುದು ಆ ತೀರ್ಪಿನ ತಿರುಳು.

ಕರಾವಳಿಯ ನೆಂಟರು ಹೇಳುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ. ಅದು ಸಮುದ್ರದ ಉಬ್ಬರವಿಳಿತ ಮುಟ್ಟುವ ಅಳಿವೆ, ಹಿನ್ನೀರುಗಳಿಗೆ. ನಮ್ಮ ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಸಮುದ್ರ ಸೇರುವಲ್ಲಿ ಅದು ಬೇಕು, ಇಲ್ಲಿ ಬೇಡ.

ಉಳಿದ ಬರೆಯನ್ನು ಉಳಿಸಿಕೊಳ್ಳಲು ನೀರಿನಂಚಿಗೆ ವಾಟೆ, ಅದರ ಮೇಲೆ ಲಾವಂಚದ ಸಾಲು, ಇನ್ನೂ ಮೇಲೆ ಹೊಳೆಮತ್ತಿ, ಹೊಂಗೆ ನೆಡಿ. ಮುಂಗಾರಿನ ಮೊದಲ ಮಳೆಗೇ ನೆಟ್ಟರೆ ಆಗಸ್ಟಿನ ನೆರೆಯೊಳಗೆ ಒಂದಿಷ್ಟು ಬೇರು ಹಿಡಿಯುತ್ತದೆ. ಕುಸಿತ ಮತ್ತೆ ಆದರೆ ಅದೇ ವಾರ ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಮಹಜರು (ಸ್ಥಳ ಪರಿಶೀಲನೆಯ ದಾಖಲೆ) ಬರೆಸಿ. ಸರ್ವೆ ನಂಬರ್, ಉದ್ದ, ಅಗಲ, ಹತ್ತಿರದ ಕಲ್ಲಿನಿಂದ ಇರುವ ದೂರ ಮಹಜರಿನಲ್ಲಿ ಬರಲೇಬೇಕು. ದಿನಾಂಕವಿರುವ ಫೋಟೊ ಲಗತ್ತಿಸಿ, ಸ್ವೀಕೃತಿ ಮುದ್ರೆ ಇರುವ ಪ್ರತಿಯನ್ನು ಪಹಣಿಯ ಜೊತೆಗೇ ಇಟ್ಟುಕೊಳ್ಳಿ.