ಟಿವಿ ಪಕ್ಕದ ಸದ್ದಿಲ್ಲದ ಕಂಪ್ಯೂಟರಿಗೆ ಎಂಥ ಮದರ್‌ಬೋರ್ಡ್ ಬೇಕು?

ಪ್ರಶ್ನೆ: ಮಂಡ್ಯದ ನಮ್ಮ ಮನೆಯ ಹಜಾರದಲ್ಲಿ 55 ಅಂಗುಲದ 4ಕೆ ಟಿವಿ ಇದೆ. ಅದರ ಕೆಳಗಿನ ಶೋಕೇಸಿನಲ್ಲಿ ಸದ್ದು ಮಾಡದ ಕಂಪ್ಯೂಟರೊಂದನ್ನು ಇಟ್ಟು ಸಿನಿಮಾ, ಸಂಗೀತ, ಕ್ರಿಕೆಟ್ ಎಲ್ಲಕ್ಕೂ ಬಳಸಬೇಕೆಂದಿದ್ದೇನೆ. ಅಂಗಡಿಯಲ್ಲಿ ವಿಚಾರಿಸಿದರೆ ಗೇಮಿಂಗ್ ಮದರ್‌ಬೋರ್ಡನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಕಚೇರಿಯಲ್ಲಿ ಬಳಸಿ ಬಿಟ್ಟ, ಇಂಟೆಲ್ 6ನೇ ತಲೆಮಾರಿನ ಹಳೆಯ ಕಂಪ್ಯೂಟರೂ ನನ್ನ ಬಳಿ ಇದೆ. ಅದರ ಬೋರ್ಡೇ ಸಾಕಾಗುವುದೇ, ಹೊಸದು ಬೇಕೇ?

ಉತ್ತರ: ಗೇಮಿಂಗ್ ಬೋರ್ಡಿನ ಅಗತ್ಯ ನಿಮಗಿಲ್ಲ. ಅದರಲ್ಲಿ ಹೆಚ್ಚುವರಿಯಾಗಿ ಸಿಗುವುದು ಬಹುಪಾಲು ಓವರ್‌ಕ್ಲಾಕಿಂಗಿಗೆ (ಪ್ರೊಸೆಸರನ್ನು ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದಕ್ಕೆ) ಬೇಕಾದ ವಿದ್ಯುತ್ ವ್ಯವಸ್ಥೆ, ಭಾರವಾದ ಗ್ರಾಫಿಕ್ಸ್ ಕಾರ್ಡಿಗಾಗಿ ಬಲಪಡಿಸಿದ ಸ್ಲಾಟ್ ಮತ್ತು ಬಣ್ಣದ ದೀಪಗಳು. ದೀಪ ಆರಿಸಿ ಸಿನಿಮಾ ನೋಡುವವರಿಗೆ ಕೊನೆಯದಂತೂ ಉಪದ್ರವವೇ ಸರಿ. ಮದರ್‌ಬೋರ್ಡಿಗೆ, ಅಂದರೆ ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಫಲಕಕ್ಕೆ, ತನ್ನದೇ ಆದ ಸದ್ದು ಸಾಮಾನ್ಯವಾಗಿ ಇರುವುದಿಲ್ಲ. ಸದ್ದು ಹುಟ್ಟುವುದು ತಿರುಗುವ ಭಾಗಗಳಲ್ಲಿ, ಅಂದರೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್ ಮತ್ತು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗಳ ಫ್ಯಾನುಗಳಲ್ಲಿ ಹಾಗೂ ಹಾರ್ಡ್‌ಡಿಸ್ಕಿನಲ್ಲಿ. ಈ ಐದರಲ್ಲಿ ಎಷ್ಟನ್ನು ಕೈಬಿಡಲು ಒಂದು ಬೋರ್ಡು ಅವಕಾಶ ಕೊಡುತ್ತದೆಯೋ ಅಷ್ಟರ ಮಟ್ಟಿಗೆ ಅದು ನಿಮ್ಮ ಕೆಲಸಕ್ಕೆ ಒಳ್ಳೆಯ ಬೋರ್ಡು.

ಮೊದಲು ಕೈಬಿಡಬಹುದಾದದ್ದು ಗ್ರಾಫಿಕ್ಸ್ ಕಾರ್ಡ್. ಸಿನಿಮಾ ತೋರಿಸುವುದಕ್ಕೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ಆದರೆ ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಬೋರ್ಡಿನ ಹಿಂದೆ ಎಚ್‌ಡಿಎಂಐ ಪೋರ್ಟ್ ಇದ್ದರೂ ಅದರಿಂದ ಚಿತ್ರ ಹೊರಡುವುದಿಲ್ಲ. ಬೆಲೆ ತುಸು ಕಡಿಮೆಯೆಂದು ಅಂಥದ್ದನ್ನು ತಂದು ಪೇಚಿಗೆ ಸಿಕ್ಕಿದವರಿದ್ದಾರೆ. ಇನ್ನೊಂದು ಸೂಕ್ಷ್ಮವೂ ಇದೆ. ಒತ್ತಿ ಕುಗ್ಗಿಸಿದ ವಿಡಿಯೊ ಕಡತವನ್ನು ಬಿಡಿಸುವ ಕೆಲಸಕ್ಕೆಂದೇ ಈ ಗ್ರಾಫಿಕ್ಸ್ ಭಾಗದಲ್ಲಿ ಪ್ರತ್ಯೇಕ ಮಂಡಲವಿರುತ್ತದೆ. ಕಡತವನ್ನು ಕುಗ್ಗಿಸಿದ ವಿಧಾನ ಅದಕ್ಕೆ ತಿಳಿದಿದ್ದರೆ ಪ್ರೊಸೆಸರ್ ತಣ್ಣಗೆ ಕುಳಿತಿರುತ್ತದೆ. ತಿಳಿಯದಿದ್ದರೆ ಪೂರ್ತಿ ಹೊರೆ ಪ್ರೊಸೆಸರಿನ ಮೇಲೆ ಬಿದ್ದು ಅದು ಬಿಸಿಯೇರುತ್ತದೆ, ಫ್ಯಾನು ಭೋರೆನ್ನತೊಡಗುತ್ತದೆ. ಬಣ್ಣದ ಹೆಚ್ಚು ಛಾಯೆಗಳನ್ನು ಹಿಡಿಯುವ 10 ಬಿಟ್ಟಿನ ಎಚ್‌ಇವಿಸಿ ಎಂಬ ಕುಗ್ಗಿಸುವ ವಿಧಾನವನ್ನು ಇಂಟೆಲ್ ಪೂರ್ಣವಾಗಿ ಅಳವಡಿಸಿದ್ದು 7ನೇ ತಲೆಮಾರಿನಲ್ಲಿ. ಯೂಟ್ಯೂಬ್ ಈಗ ಹೆಚ್ಚಾಗಿ ಬಳಸುತ್ತಿರುವ ಎವಿ1 ವಿಧಾನವನ್ನು 11ನೇ ತಲೆಮಾರಿನಲ್ಲಿ. ಎಎಂಡಿಯ ರೈಜನ್ 5 5600ಜಿ ಪ್ರೊಸೆಸರ್ ಈ ಕೆಲಸಕ್ಕೆ ಸಾಕಷ್ಟು ವೇಗದ್ದಾದರೂ ಅದರ ಗ್ರಾಫಿಕ್ಸಿಗೆ ಎವಿ1 ಬಾರದು. ಹಾಗಾಗಿ ಬೋರ್ಡಿಗಿಂತ ಮೊದಲು ಪ್ರೊಸೆಸರ್ ನಿಶ್ಚಯವಾಗಬೇಕು.

ಬಳಿಕ ಪೋರ್ಟಿನ ವಿಚಾರ. ಎಚ್‌ಡಿಎಂಐ 1.4 ಪೋರ್ಟಿನಿಂದ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಹೊರಡಬಲ್ಲದು. 60 ಬಾರಿ ಬೇಕಾದರೆ 2013ರಲ್ಲಿ ಬಂದ 2.0 ಅಥವಾ ಅದಕ್ಕಿಂತ ಹೊಸದು ಬೇಕು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳದ್ದಾದ್ದರಿಂದ 30ರ ಮಿತಿ ಅದಕ್ಕೆ ಅಡ್ಡಿಯಾಗದು, ಆದರೆ ಸೆಕೆಂಡಿಗೆ 50 ಚೌಕಟ್ಟುಗಳಲ್ಲಿ ಬರುವ ಕ್ರಿಕೆಟ್‌ನಲ್ಲಿ ಚೆಂಡು ಜಿಗಿಜಿಗಿದು ಸಾಗಿದಂತೆ ಕಾಣುತ್ತದೆ. ಇಂಟೆಲ್‌ನ 10ನೇ ತಲೆಮಾರಿನವರೆಗಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ತಾವಾಗಿ ದಾಟಿಸಲು ಬರುತ್ತಿದ್ದದ್ದು 1.4 ಮಾತ್ರ, 2.0 ಕೊಡಬೇಕಾದರೆ ಬೋರ್ಡು ತಯಾರಿಸುವವರು ಬೇರೊಂದು ಚಿಪ್ ಸೇರಿಸಬೇಕಿತ್ತು, ಅಗ್ಗದ ಬೋರ್ಡುಗಳಲ್ಲಿ ಅದನ್ನು ಸೇರಿಸುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ‘4ಕೆ’ ಎಂದು ಬರೆದಿರುವುದನ್ನು ನೋಡಿ ಸುಮ್ಮನಾಗದೆ, ಬೋರ್ಡಿನ ಕೈಪಿಡಿಯಲ್ಲಿ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಬಾರಿ, ಎಂಬ ಮಾತು ಇದೆಯೇ ಎಂದು ಹುಡುಕಿ.

ಇಷ್ಟನ್ನು ದಾಟಿದ ಮೇಲೆ ನಿಮ್ಮೆದುರು ಎರಡು ದಾರಿಗಳಿವೆ. ಮೊದಲನೆಯದು, ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುವ ಮಿನಿ-ಐಟಿಎಕ್ಸ್ ಬೋರ್ಡು. ಇದು 170 ಮಿಲಿಮೀಟರ್ ಉದ್ದಗಲದ ಪುಟ್ಟ ಚೌಕ. ಇಂಟೆಲ್ ಎನ್100 ಪ್ರೊಸೆಸರ್ ಬೆಸೆದು ಬರುವ ಇಂಥ ಹಲವು ಬೋರ್ಡುಗಳಲ್ಲಿ ಫ್ಯಾನ್ ಇಲ್ಲದೆ ಶಾಖ ಹೊರಬಿಡುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಮಾತ್ರ ಇರುತ್ತದೆ, ಏಕೆಂದರೆ ತಯಾರಕರ ಲೆಕ್ಕದಲ್ಲಿ ಆ ಪ್ರೊಸೆಸರಿನ ಉಷ್ಣ ಪ್ರಮಾಣ ಕೇವಲ 6 ವ್ಯಾಟ್. ಎವಿ1 ಕೂಡ ಅದಕ್ಕೆ ಬರುತ್ತದೆ. ಏಸ್‌ರಾಕ್‌ನ ಎನ್100ಡಿಸಿ-ಐಟಿಎಕ್ಸ್ ಬೋರ್ಡಿಗಂತೂ ಲ್ಯಾಪ್‌ಟಾಪಿನಂತೆ 19 ವೋಲ್ಟಿನ ಅಡಾಪ್ಟರನ್ನೇ ಚುಚ್ಚಬಹುದಾದ್ದರಿಂದ ಎಸ್‌ಎಂಪಿಎಸ್ ಮತ್ತು ಅದರ ಫ್ಯಾನು ಎರಡೂ ಲೆಕ್ಕದಿಂದ ಹೋಗುತ್ತವೆ. ಎರಡನೆಯ ದಾರಿ, ಎಚ್610 ಅಥವಾ ಬಿ760 ಚಿಪ್‌ಸೆಟ್‌ನ (ಬೋರ್ಡಿನ ಪೋರ್ಟು, ಸ್ಲಾಟುಗಳನ್ನು ನಿಭಾಯಿಸುವ ಚಿಪ್) ಸಾಧಾರಣ ಬೋರ್ಡಿಗೆ ಕೋರ್ ಐ3-12100ರಂಥ ಪ್ರೊಸೆಸರ್ ಕೂರಿಸುವುದು. ಇದರಲ್ಲಿ ಶಕ್ತಿ ಹೆಚ್ಚು, ಮುಂದೆ ಬದಲಾಯಿಸಲು ಅವಕಾಶವೂ ಉಂಟು, ಆದರೆ ಒಂದು ಫ್ಯಾನನ್ನಾದರೂ ಇಟ್ಟುಕೊಳ್ಳಬೇಕಾಗುತ್ತದೆ. ನೀವು ಹೇಳಿದ ಬಳಕೆಗೆ ನಾನು ಮೊದಲನೆಯದನ್ನೇ ಸೂಚಿಸುತ್ತೇನೆ. ಮನೆಯ ಮಕ್ಕಳು ಅದೇ ಕಂಪ್ಯೂಟರಿನಲ್ಲಿ ಆಟವನ್ನೂ ಆಡುವವರಾದರೆ ಎರಡನೆಯದನ್ನು ಯೋಚಿಸಬಹುದು.

ಫ್ಯಾನ್ ಇಡುವುದಾದರೆ ಅದನ್ನು ಅಂಕೆಯಲ್ಲಿಡುವುದು ಬೋರ್ಡಿನ ಕೆಲಸ, ಮತ್ತು ಅಗ್ಗದ ಬೋರ್ಡುಗಳು ಸೋಲುವುದು ಇಲ್ಲಿಯೇ. ಪ್ರೊಸೆಸರಿನ ಫ್ಯಾನಿಗೂ ಕ್ಯಾಬಿನೆಟ್ಟಿನ ಫ್ಯಾನಿಗೂ 4 ಪಿನ್ನಿನ ಕನೆಕ್ಟರ್ ಇರಲಿ, ಎರಡರ ವೇಗವನ್ನೂ ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪರದೆಯಲ್ಲಿ) ತಾಪಮಾನಕ್ಕೆ ತಕ್ಕಂತೆ ಹೊಂದಿಸುವಂತಿರಲಿ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬಲ್ ತಗ್ಗುತ್ತದೆ ಎಂಬುದನ್ನು ನೆನೆದರೆ ಈ ಸೌಲಭ್ಯದ ಬೆಲೆ ತಿಳಿಯುತ್ತದೆ. ಇದಕ್ಕಿಂತಲೂ ಮುಖ್ಯವಾದದ್ದು, ವೇಗವನ್ನು ಥಟ್ಟನೆ ಏರಿಸದೆ ಕೆಲವು ಸೆಕೆಂಡು ತಡೆದು ಏರಿಸುವ ಆಯ್ಕೆ. ಒಂದೇ ಸಮನಾದ ಸದ್ದನ್ನು ಕಿವಿ ಮರೆಯುತ್ತದೆ, ಏರಿಳಿಯುವ ಸದ್ದನ್ನು ಮರೆಯುವುದಿಲ್ಲ. ಚಿಪ್‌ಸೆಟ್ ಮೇಲೆ ಫ್ಯಾನ್ ಇರುವ ಬೋರ್ಡನ್ನು ಮಾತ್ರ ಯಾವ ಕಾರಣಕ್ಕೂ ತರಬೇಡಿ. ಮೈಸೂರಿನ ನನ್ನ ಮನೆಗೆ ನಾನೊಮ್ಮೆ ಅಂಥದ್ದನ್ನು ತಂದಿದ್ದೆ. ತಂದದ್ದು ಮೇ ತಿಂಗಳಲ್ಲಿ. ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿದ್ದುದರಿಂದ ಕೆಳಗಿನ ಸದ್ದು ಕೇಳಿಸಲೇ ಇಲ್ಲ. ಮಾಗಿಯ ಚಳಿ ಬಂದು ಸೀಲಿಂಗ್ ಫ್ಯಾನ್ ನಿಂತ ಮೇಲೆ, ರಾತ್ರಿ ಆಲಾಪನೆ ಕೇಳಲು ಕುಳಿತರೆ ತಂಬೂರಿಯ ಶ್ರುತಿಗೆ ಸೇರದ ಸೊಳ್ಳೆಯ ಗುಂಯ್‌ಗುಡುವಿಕೆಯೊಂದು ಪೆಟ್ಟಿಗೆಯೊಳಗಿಂದ ಬರುತ್ತಿತ್ತು. ಸಣ್ಣ ಫ್ಯಾನು ಅಷ್ಟೇ ಗಾಳಿಯನ್ನು ತಳ್ಳಲು ಹೆಚ್ಚು ವೇಗವಾಗಿ ತಿರುಗಬೇಕಾಗುವುದರಿಂದ ಅದರ ಸ್ವರ ತಾರಕ್ಕೇರುತ್ತದೆ. ಜೋಡಿಸಿಕೊಟ್ಟ ಕಂಪ್ಯೂಟರನ್ನು ಅಂಗಡಿಯ ಗದ್ದಲದಲ್ಲಿ ಪರೀಕ್ಷಿಸಿ ತೃಪ್ತರಾಗಬೇಡಿ; ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಸೀಲಿಂಗ್ ಫ್ಯಾನನ್ನೂ ನಿಲ್ಲಿಸಿ ಕೇಳಿ.

ಇಷ್ಟು ಹೇಳಿದ ಮೇಲೂ, ಫ್ಯಾನೇ ಇಲ್ಲದ ಯಂತ್ರವನ್ನು ಬಾಗಿಲು ಮುಚ್ಚಿದ ಶೋಕೇಸಿನೊಳಗೆ ಇಡಬಾರದು ಎಂದು ಎಚ್ಚರಿಸಬೇಕಾಗಿದೆ. ಮೈಸೂರು, ಮಂಡ್ಯಗಳಲ್ಲಿ ಏಪ್ರಿಲ್ ಮಧ್ಯಾಹ್ನದ ತಾಪಮಾನ 35 ಡಿಗ್ರಿ ದಾಟುತ್ತದೆ, ಮುಚ್ಚಿದ ಗೂಡಿನೊಳಗೆ ಅದಕ್ಕೂ ಹೆಚ್ಚು. ಹೀಟ್‌ಸಿಂಕ್ ತನ್ನ ಶಾಖವನ್ನು ಒಪ್ಪಿಸುವುದು ಸುತ್ತಲಿನ ಗಾಳಿಗೆ. ಆ ಗಾಳಿಯೇ ಕಾದು ಅಲ್ಲೇ ನಿಂತರೆ ಶಾಖ ಹೋಗಲು ಜಾಗವಿಲ್ಲ. ಶೋಕೇಸಿನ ಹಿಂದಿನ ಹಲಗೆಯಲ್ಲಿ ಅಂಗೈಯಗಲದ ರಂಧ್ರ ಕೊರೆಸಿ, ಮುಂಭಾಗವನ್ನು ತೆರೆದಿಡಲು ಸಾಧ್ಯವಾದರೆ ಎನ್100 ಬೋರ್ಡು ನೆಮ್ಮದಿಯಾಗಿರುತ್ತದೆ. ಸಾಧ್ಯವಿಲ್ಲದಿದ್ದರೆ 120 ಮಿಲಿಮೀಟರಿನ ಒಂದು ದೊಡ್ಡ ಫ್ಯಾನನ್ನು ನಿಧಾನವಾಗಿ, ನಿಮಿಷಕ್ಕೆ 500-600 ಸುತ್ತಿನಂತೆ ಓಡಿಸಿ. ಮೂರು ಮೀಟರ್ ದೂರದ ಸೋಫಾಕ್ಕೆ ಅದು ಕೇಳಿಸದು. ಆಲೆಮನೆಯ ಮಸಿ, ರಸ್ತೆಯ ಧೂಳು ಒಳಗೆ ಬರುವ ಕಡೆಗಳಲ್ಲಿ ಅದಕ್ಕೊಂದು ಜಾಲರಿಯೂ ಬೇಕು.

ಉಳಿದವು ಚಿಕ್ಕ ವಿಷಯಗಳು. ಬೋರ್ಡಿನ ಮೇಲೆ ಎಂ.2 ಸ್ಲಾಟ್ ಇದ್ದರೆ, ತಿರುಗುವ ಭಾಗವಿಲ್ಲದ ಸಂಗ್ರಹವಾದ ಎಸ್‌ಎಸ್‌ಡಿಯನ್ನು ಅದರಲ್ಲೇ ಕೂರಿಸಿ, ಸಿನಿಮಾ ಸಂಗ್ರಹದ ದೊಡ್ಡ ಹಾರ್ಡ್‌ಡಿಸ್ಕನ್ನು ಬೇರೆ ಕೋಣೆಯಲ್ಲಿಟ್ಟು ಲ್ಯಾನ್ ಕೇಬಲಿನ ಮೂಲಕ ತಲುಪಬಹುದು. ಧ್ವನಿ ಎಚ್‌ಡಿಎಂಐ ಮೂಲಕವೇ ಆಂಪ್ಲಿಫೈಯರಿಗೆ ಹೋಗುವುದಾದರೆ ಬೋರ್ಡಿನ ಸೌಂಡ್ ಚಿಪ್ ಯಾವುದಾದರೇನು, ಅದಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ. ವಿದ್ಯುತ್ ಹೋಗಿ ಬಂದಾಗ ಕಂಪ್ಯೂಟರ್ ತಾನಾಗಿ ಆನ್ ಆಗಬೇಕೇ ಬೇಡವೇ ಎಂಬ ಆಯ್ಕೆ ಬಯೋಸ್‌ನಲ್ಲಿರುತ್ತದೆ. ಮಧ್ಯರಾತ್ರಿ ಟಿವಿ ಬೆಳಗದಿರಲು ‘ಬೇಡ’ ಎಂದೇ ಇಡಿ.

ಇನ್ನು ನಿಮ್ಮ ಹಳೆಯ ಕಂಪ್ಯೂಟರ್. 6ನೇ ತಲೆಮಾರಿನ ಇಂಟೆಲ್ ಗ್ರಾಫಿಕ್ಸ್ 8 ಬಿಟ್ಟಿನ ಎಚ್‌ಇವಿಸಿಯನ್ನು ಸಲೀಸಾಗಿ ಬಿಡಿಸುತ್ತದೆ, 10 ಬಿಟ್ಟಿನದಕ್ಕೆ ಏದುಸಿರು ಬಿಡುತ್ತದೆ, ಎವಿ1 ಅದಕ್ಕೆ ಬಾರದು. ಟಿವಿ ಪೂರ್ಣ ಎಚ್‌ಡಿಯದ್ದಾಗಿದ್ದರೆ ನಾನು ಹೊಸದನ್ನು ಕೊಳ್ಳಲು ಹೇಳುತ್ತಲೇ ಇರಲಿಲ್ಲ. ನಿಮ್ಮದು 4ಕೆ ಆದ್ದರಿಂದ ಎಚ್‌ಡಿಎಂಐ 1.4ರ ಮಿತಿ ಎದುರಾಗುತ್ತದೆ. ಆದರೆ ಬೋರ್ಡಿನ ಹಿಂದೆ ಡಿಸ್‌ಪ್ಲೇಪೋರ್ಟ್ ಇದೆಯೇ ನೋಡಿ; ಇದ್ದರೆ ಅದಕ್ಕೆ ಎಚ್‌ಡಿಎಂಐ 2.0 ಆ್ಯಕ್ಟಿವ್ ಅಡಾಪ್ಟರ್ (ಸಂಕೇತವನ್ನು ಬದಲಿಸುವ ಚಿಪ್ ಒಳಗಿರುವಂಥದ್ದು) ಚುಚ್ಚಿ 60 ಹರ್ಟ್ಸ್ ಪಡೆಯಬಹುದು. ಬ್ರಾಂಡೆಡ್ ಯಂತ್ರವಾಗಿದ್ದರೆ ಬೋರ್ಡನ್ನು ಬಿಚ್ಚಿ ಬೇರೆ ಕ್ಯಾಬಿನೆಟ್ಟಿಗೆ ಹಾಕುವ ಸಾಹಸ ಬೇಡ, ಅವುಗಳ ಅಳತೆ ಮತ್ತು ವಿದ್ಯುತ್ ಕನೆಕ್ಟರ್ ಎಷ್ಟೋ ಬಾರಿ ಬೇರೆಯೇ ಇರುತ್ತವೆ. ಇದ್ದ ಹಾಗೆಯೇ ಧೂಳು ಕೊಡವಿ, ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿ ಒಂದೆರಡು ತಿಂಗಳು ಟಿವಿಗೆ ಜೋಡಿಸಿ ನೋಡಿ. ಆ ಎಸ್‌ಎಸ್‌ಡಿ ಮುಂದೆ ಎನ್100 ಬೋರ್ಡಿಗೂ ಆಗಿಬರುತ್ತದೆ.