ನಕ್ಷೆಯ ಕೆಳಮೂಲೆಯಲ್ಲಿರುವವರು

ಕಂಪನಿಗಳಿಗೆ ಸಾಮಾಜಿಕ ಹೊಣೆಗಾರಿಕೆಯ ವಿಷಯದಲ್ಲಿ ಸಲಹೆ ಕೊಡುವುದು ನನ್ನ ವೃತ್ತಿ. ಮೊದಲ ಸಭೆಯಲ್ಲಿ ಸಾಮಾನ್ಯವಾಗಿ ನನ್ನ ಮುಂದೆ ಕಂಪನಿಯೊಂದಿಗೆ ಸಂಬಂಧವಿರುವವರನ್ನೆಲ್ಲ ಗುರುತಿಸಿದ ಒಂದು ನಕ್ಷೆ ಬಂದು ಕೂರುತ್ತದೆ. ಅದರಲ್ಲಿ ನಾಲ್ಕು ಚೌಕಗಳು. ಮೇಲಕ್ಕೆ ಹೋದಷ್ಟೂ ಪ್ರಭಾವ ಹೆಚ್ಚು, ಬಲಕ್ಕೆ ಹೋದಷ್ಟೂ ಆಸಕ್ತಿ ಹೆಚ್ಚು. ಮೇಲಿನ ಚೌಕಗಳಲ್ಲಿ ಹೂಡಿಕೆದಾರರು, ಬ್ಯಾಂಕು, ಸರ್ಕಾರ, ದೊಡ್ಡ ಗ್ರಾಹಕರು. ಕೆಳಗೆ ಎಡಮೂಲೆಯಲ್ಲಿ ಗುತ್ತಿಗೆ ಕಾರ್ಮಿಕರು ಮತ್ತು ಕಾರ್ಖಾನೆ ಹೊರಬಿಡುವ ನೀರು ಹರಿದುಹೋಗುವ ದಾರಿಯಲ್ಲಿ ವಾಸಿಸುವ ಜನ. ಕುಡಿಯುವ ನೀರೇ ಕೆಡುವ ಭಯವಿರುವವರಿಗೆ ‘ಆಸಕ್ತಿ ಕಡಿಮೆ’ ಹೇಗಾಯಿತು ಎಂದು ಕೇಳಿದರೆ ಸಭೆ ಸುಮ್ಮನಾಗುತ್ತದೆ. ನಕ್ಷೆ ಬರೆದವರು ಕೆಟ್ಟವರಲ್ಲ. ಆ ಜನ ಎಂದೂ ಕಚೇರಿಯ ಬಾಗಿಲಿಗೆ ಬಂದಿಲ್ಲ, ಅಷ್ಟೇ.

ಈ ನಕ್ಷೆಯ ಹಿಂದಿರುವ ಸಿದ್ಧಾಂತ ಹೀಗೆ ಹೇಳುವುದಿಲ್ಲ. ಸಂಸ್ಥೆಯ ಗುರಿಸಾಧನೆಯ ಮೇಲೆ ಪರಿಣಾಮ ಬೀರಬಲ್ಲವರು, ಹಾಗೆಯೇ ಆ ಗುರಿಸಾಧನೆಯ ಪರಿಣಾಮಕ್ಕೆ ಒಳಗಾಗುವವರು, ಇಬ್ಬರನ್ನೂ ಅಮೆರಿಕದ ನಿರ್ವಹಣಾ ಚಿಂತಕ ಆರ್. ಎಡ್ವರ್ಡ್ ಫ್ರೀಮನ್ 1984ರಲ್ಲಿ ಸ್ಟೇಕ್‌ಹೋಲ್ಡರ್‌ಗಳೆಂದು ಕರೆದರು. ಕನ್ನಡದಲ್ಲಿ ಇದಕ್ಕೆ ‘ಮಧ್ಯಸ್ಥಗಾರ’ ಎಂಬ ಪದ ಬಳಕೆಗೆ ಬರುತ್ತಿದೆ. ನನಗೆ ಅದು ಒಪ್ಪಿಗೆಯಿಲ್ಲ; ಮಧ್ಯಸ್ಥನೆಂದರೆ ಜಗಳ ತೀರಿಸುವವನು, ಇಲ್ಲಿರುವುದು ಜಗಳದ ಪೆಟ್ಟು ತಿನ್ನುವವರ ಮಾತು. ನಾನು ‘ಹಿತಾಸಕ್ತರು’ ಎಂದು ಬರೆಯುತ್ತೇನೆ. ಫ್ರೀಮನ್‌ರ ವ್ಯಾಖ್ಯೆಯ ಮೊದಲರ್ಧವನ್ನು ಕಂಪನಿಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಸಾಲ ಕೊಟ್ಟ ಬ್ಯಾಂಕಿನಿಂದ ಕರೆ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಸಿದ್ಧಾಂತ ಬೇಕಾಗುವುದು ಎರಡನೆಯ ಅರ್ಧಕ್ಕೆ.

ವ್ಯಾಪಾರದ ಸಾಮಾಜಿಕ ಹೊಣೆಯೆಂದರೆ ಲಾಭ ಹೆಚ್ಚಿಸುವುದು ಎಂದು 1970ರಲ್ಲಿ ವಾದಿಸಿದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್‌ರನ್ನು ಇಂಥ ಸಭೆಗಳಲ್ಲಿ ಯಾರಾದರೊಬ್ಬರು ನೆನೆಯುತ್ತಾರೆ. ಸಮಾಜದ ನಿಯಮಗಳಿಗೆ ಬದ್ಧವಾಗಿ, ವಂಚನೆಯಿಲ್ಲದೆ ಎಂಬ ಷರತ್ತನ್ನು ಅವರೇ ಹಾಕಿದ್ದರು. ಅದನ್ನು ನೆನೆಯುವವರು ಕಡಿಮೆ.

1997ರಲ್ಲಿ ಮಿಚೆಲ್, ಏಗಲ್ ಮತ್ತು ವುಡ್ ಎಂಬ ವಿದ್ವಾಂಸರು ಹಿತಾಸಕ್ತರನ್ನು ಅಳೆಯಲು ಮೂರು ಗುಣಗಳನ್ನು ಮುಂದಿಟ್ಟರು: ಬಲ, ನ್ಯಾಯಸಮ್ಮತತೆ, ತುರ್ತು. ನ್ಯಾಯವೂ ತುರ್ತೂ ಇದ್ದು ಬಲವೊಂದಿಲ್ಲದವರಿಗೆ ಅವರು ಕೊಟ್ಟ ಹೆಸರು ‘ಅವಲಂಬಿತರು’. ಇವರ ಮಾತು ನಡೆಯಬೇಕಾದರೆ ಇನ್ನೊಬ್ಬರ ಬಲ ಕೂಡಿಬರಬೇಕು.

ಈ ಪದವನ್ನು ಓದಿದಾಗಲೆಲ್ಲ ನನಗೆ ಢಾಕಾ ಸಮೀಪದ ರಾಣಾ ಪ್ಲಾಜಾ ನೆನಪಾಗುತ್ತದೆ. 2013ರ ಏಪ್ರಿಲ್ 23ರಂದು ಎಂಟು ಮಹಡಿಯ ಆ ಕಟ್ಟಡದಲ್ಲಿ ಬಿರುಕುಗಳು ಕಾಣಿಸಿಕೊಂಡವು. ಕೆಳಗಿನ ಮಹಡಿಗಳ ಬ್ಯಾಂಕು ಮತ್ತು ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರಿಗೆ ಮಾತ್ರ ಮರುದಿನ ಕೆಲಸಕ್ಕೆ ಬರಲು ಹೇಳಲಾಯಿತು. 24ರ ಬೆಳಿಗ್ಗೆ ಕಟ್ಟಡ ಕುಸಿದು 1,134 ಜನ ಸತ್ತರು. ಬಿರುಕು ಎಲ್ಲರಿಗೂ ಒಂದೇ ಆಗಿತ್ತು. ಹೊರಗೆ ಉಳಿಯುವ ಬಲ ಎಲ್ಲರಿಗೂ ಇರಲಿಲ್ಲ. ಅಲ್ಲಿದ್ದ ಕೆಲವು ಕಾರ್ಖಾನೆಗಳಲ್ಲಿ ಅದಕ್ಕೂ ಮೊದಲೇ ಸಾಮಾಜಿಕ ತಪಾಸಣೆ, ಅಂದರೆ ಕಾರ್ಮಿಕರ ಸ್ಥಿತಿಗತಿಯ ಪರಿಶೀಲನೆ, ನಡೆದಿತ್ತು ಎಂಬುದು ನನ್ನ ವೃತ್ತಿಯವರೆಲ್ಲರೂ ಹೊತ್ತುಕೊಳ್ಳಬೇಕಾದ ಭಾರ.

ದುರಂತದ ಮರುತಿಂಗಳು ಜಾಗತಿಕ ಬ್ರ್ಯಾಂಡ್‌ಗಳೂ ಕಾರ್ಮಿಕ ಸಂಘಟನೆಗಳೂ ಸೇರಿ ಸಹಿ ಹಾಕಿದ ಸುರಕ್ಷತಾ ಒಪ್ಪಂದ ಬೇರೆ ಬಗೆಯದು. ಅದು ಸಹಿ ಹಾಕಿದವರು ಕಾನೂನುಬದ್ಧವಾಗಿ ಪಾಲಿಸಲೇಬೇಕಾದ ಕರಾರು. ಸ್ವತಂತ್ರ ಎಂಜಿನಿಯರ್‌ಗಳ ತಪಾಸಣೆ, ವರದಿಗಳ ಬಹಿರಂಗ ಪ್ರಕಟಣೆ, ಅಪಾಯವಿರುವ ಕಟ್ಟಡದೊಳಗೆ ಕಾಲಿಡಲು ನಿರಾಕರಿಸುವ ಹಕ್ಕು, ಇವೆಲ್ಲವೂ ಅದರಲ್ಲಿದ್ದವು. ಕಾರ್ಮಿಕರಿಗೆ ಕಂಬಳಿ ಹಂಚುವುದಕ್ಕೂ ಇದಕ್ಕೂ ಇರುವ ಅಂತರವನ್ನೇ ನಾನು ಪ್ರತಿ ಸಭೆಯಲ್ಲೂ ವಿವರಿಸಲು ಹೆಣಗುತ್ತೇನೆ. ದಾನ ಕೊಟ್ಟವನ ಕೈಯಲ್ಲಿ ನಿರ್ಧಾರ ಹಾಗೆಯೇ ಉಳಿಯುತ್ತದೆ. ಇಲ್ಲಿ ನಿರ್ಧಾರದಲ್ಲೇ ಪಾಲು ಕೊಡಬೇಕಾಗುತ್ತದೆ.

ಆದ್ದರಿಂದ ನಾನು ವಾರ್ಷಿಕ ವರದಿಯಲ್ಲಿ ಗಿಡ ನೆಡುವ ಚಿತ್ರಗಳ ಪುಟ ಬಿಟ್ಟು ಎರಡು ಕಡತ ಕೇಳುತ್ತೇನೆ. ಒಂದು, ಸಣ್ಣ ಪೂರೈಕೆದಾರರಿಗೆ ಹಣ ಪಾವತಿಸಿದ ದಿನಾಂಕಗಳು. ನಾಲ್ಕು ತಿಂಗಳು ಕಾಯುವ ಪೂರೈಕೆದಾರ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿರುತ್ತಾನೆ. ಇನ್ನೊಂದು, ದೂರುಗಳ ದಾಖಲೆ.

ಒಂದು ಕಾರ್ಖಾನೆಯ ವರದಿಯಲ್ಲಿ ‘ವರ್ಷದಲ್ಲಿ ಬಂದ ದೂರು: ಶೂನ್ಯ’ ಎಂದಿತ್ತು. ದೂರು ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದೆ. ಮೇಲ್ವಿಚಾರಕರ ಕೊಠಡಿಯ ಬಾಗಿಲ ಪಕ್ಕದಲ್ಲಿ, ಕ್ಯಾಮೆರಾದ ನೇರ ಕೆಳಗೆ ತೂಗುಹಾಕಿದ್ದರು. ಬೀಗ ತುಕ್ಕು ಹಿಡಿದಿತ್ತು. ಕೀಲಿ ಯಾರ ಬಳಿಯಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಹೊಸ ಪೆಟ್ಟಿಗೆಯನ್ನು ಶೌಚಾಲಯದ ಹಾದಿಯಲ್ಲಿ ಇರಿಸಿ, ಕೀಲಿಯನ್ನು ಕಾರ್ಮಿಕರೇ ಆರಿಸಿದ ಸಮಿತಿಗೆ ಕೊಡಿಸಿದೆ. ತಿಂಗಳೊಳಗೆ ಚೀಟಿಗಳು ತುಂಬಿದವು. ಹೆಚ್ಚಿನವು ಒಂದೇ ವಿಷಯದ ಬಗ್ಗೆ: ಶೌಚಾಲಯಕ್ಕೆ ಹೋದ ನಿಮಿಷಗಳನ್ನು ಲೆಕ್ಕಹಾಕಿ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು.

“ದೂರು ಇಷ್ಟು ಹೆಚ್ಚಾಯಿತಲ್ಲ, ವರದಿಯಲ್ಲಿ ಏನೆಂದು ಬರೆಯೋಣ ಸರ್?” ಎಂದು ವ್ಯವಸ್ಥಾಪಕರು ಆತಂಕದಿಂದ ಕೇಳಿದರು.

“ಬಂದಷ್ಟನ್ನೂ ಬರೆಯಿರಿ. ಪಕ್ಕದಲ್ಲಿ ಎಷ್ಟು ಬಗೆಹರಿದವು ಎಂದೂ ಬರೆಯಿರಿ” ಎಂದೆ.

ಕೂಲಿ ಮುರಿಯುವುದು ನಿಂತಿತು. ಶೂನ್ಯವಿದ್ದ ಜಾಗದಲ್ಲಿ ಆ ವರ್ಷ ಎರಡು ಸಂಖ್ಯೆಗಳು ಅಚ್ಚಾದವು.